ಬಣ್ಣ ಬಂತು ಸರಿ, ಆದ್ರೆ ಯಾರದ್ದು? ತಪ್ಪು ಪ್ರೋಟೀನ್ ತೋರಿಸಿದ ಒಂದು ಆ್ಯಂಟಿಬಾಡಿಯ ಕಥೆ

(ಇದು ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

 

ಇವತ್ತಿನ ಸಂಚಿಕೆ ಶುರುವಾಗಿದ್ದು ನಮ್ಮ ದೊಡ್ಡಪ್ಪನ ಒಂದು ಫೋನ್ ಕಾಲ್‌ನಿಂದ. ಅವರಿಗೆ ಕಿಡ್ನಿ ತೊಂದರೆ. ವಾರಕ್ಕೆ ಎರಡು ಸಲ ತಾಲೂಕು ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಿ ಬರ್ತಾರೆ. ಅಲ್ಲಿ ಅವರಿಗೆ ಒಂದು ಇಂಜೆಕ್ಷನ್ ಕೊಡ್ತಾರೆ. ಮನೆಯಲ್ಲಿ ನಾವೆಲ್ಲ ಅದನ್ನ 'ರಕ್ತದ ಇಂಜೆಕ್ಷನ್' ಅಂತಲೇ ಕರೆಯೋದು. ಆವತ್ತು ಫೋನ್ ಮಾಡಿ, "ಮಗಾ, ಈ ಇಂಜೆಕ್ಷನ್ನಿಂದ ಕ್ಯಾನ್ಸರ್ ಬೆಳೆಯುತ್ತಂತೆ ಕಣೋ. ಫೋಟೋ ಸಮೇತ ಬಂದಿದೆ. ನಾಳೆಯಿಂದ ಬೇಡ ಅಂದ್ಬಿಡ್ತೀನಿ" ಅಂದ್ರು.

ಫೋಟೋ ಕಳಿಸಿ ಅಂದೆ. ವಾಟ್ಸ್‌ಆ್ಯಪ್ ಫಾರ್ವರ್ಡ್. ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರ, ನೀಲಿ ಚುಕ್ಕೆಗಳ ಸುತ್ತ ಕಂದು ಬಣ್ಣ. ಕೆಳಗೆ, 'ಕ್ಯಾನ್ಸರ್ ಕೋಶಗಳ ಮೇಲೂ ಈ ಔಷಧಿಗೆ ಬಾಗಿಲು ಇದೆ, ವಿಜ್ಞಾನಿಗಳೇ ತೋರಿಸಿದ್ದಾರೆ' ಅಂತ ಬರೆದಿತ್ತು.

ಸಾಮಾನ್ಯವಾಗಿ ಇಂಥ ಫಾರ್ವರ್ಡ್ ಬಂದ್ರೆ ನಾನು ಸುಳ್ಳು ಅಂತ ಹೇಳಿ ಸುಮ್ಮನಾಗಿಬಿಡ್ತೀನಿ. ಇದರಲ್ಲಿ ಹಾಗೆ ಮಾಡೋಕೆ ಆಗಲಿಲ್ಲ. ಹುಡುಕ್ತಾ ಹೋದ್ರೆ ಅರ್ಧ ನಿಜ ಇತ್ತು. ಕ್ಯಾನ್ಸರ್ ರೋಗಿಗಳ ಮೇಲೆ ಈ ಔಷಧಿಯ ಪ್ರಯೋಗಗಳು ನಡೆದಿದ್ದವು, ಕೆಲವರಿಗೆ ಕೆಟ್ಟದ್ದೂ ಆಗಿತ್ತು. ಕಂದು ಬಣ್ಣದ ಚಿತ್ರಗಳೂ ನಿಜವಾದ ಸಂಶೋಧನಾ ಪತ್ರಿಕೆಗಳಲ್ಲೇ ಬಂದಿದ್ದವು. ಆದ್ರೆ ಆ ಕಂದು ಬಣ್ಣ ಯಾವ ಪ್ರೋಟೀನ್‌ದು? ಇಡೀ ಕಥೆ ಇರೋದು ಅಲ್ಲೇ.

ನಾನು ಬಿ.ಕಾಂ. ಓದಿದವನು, ಜೀವಶಾಸ್ತ್ರ ಬಿಟ್ಟಿದ್ದು ಎಸ್ಸೆಸ್ಸೆಲ್ಸಿಗೆ. ಹಾಗಾಗಿ ಬೆಂಗಳೂರಲ್ಲಿ ಒಂದು ಲ್ಯಾಬ್‌ನಲ್ಲಿ ಪಿಎಚ್‌ಡಿ ಮಾಡ್ತಿರೋ ನನ್ನ ಗೆಳತಿಗೆ ಮೂರು ದಿನ ತಲೆ ತಿಂದು ಅರ್ಥ ಮಾಡ್ಕೊಂಡಿದ್ದನ್ನ ನಿಮಗೆ ಹೇಳ್ತೀನಿ.

ಮೊದಲು ಔಷಧಿ. ಅದರ ಹೆಸರು ಎರಿತ್ರೋಪೊಯೆಟಿನ್, ಚಿಕ್ಕದಾಗಿ ಈಪೊ. ಅದು ನಮ್ಮ ದೇಹವೇ ತಯಾರಿಸೋ ಹಾರ್ಮೋನು. ರಕ್ತದಲ್ಲಿ ಆಮ್ಲಜನಕ ಕಡಿಮೆ ಆಯ್ತು ಅಂತ ಕಿಡ್ನಿಗೆ ಗೊತ್ತಾದಾಗ ಅದು ಈಪೊ ಬಿಡುತ್ತೆ. ಈಪೊ ರಕ್ತದಲ್ಲಿ ಹರಿದು ಮೂಳೆಯೊಳಗಿನ ಮಜ್ಜೆಗೆ ಹೋಗಿ 'ಕೆಂಪು ರಕ್ತಕಣ ಜಾಸ್ತಿ ಮಾಡಿ' ಅಂತ ಹೇಳುತ್ತೆ. ಕಿಡ್ನಿ ಕೆಟ್ಟಾಗ ಈ ಸಂದೇಶ ನಿಲ್ಲುತ್ತೆ. ಅದಕ್ಕೇ ಡಯಾಲಿಸಿಸ್ ಮಾಡಿಸ್ಕೊಳ್ಳೋರಿಗೆ ರಕ್ತ ಕಡಿಮೆಯಾಗೋದು, ಸುಸ್ತಾಗೋದು.

ಇದನ್ನ ಮೊದಲು ಶುದ್ಧವಾಗಿ ಬೇರ್ಪಡಿಸಿದ ಕಥೆ ಕೇಳಿದ್ರೆ ನಗು ಬರುತ್ತೆ, ಗೌರವವೂ ಬರುತ್ತೆ. ಶಿಕಾಗೋದ ಯೂಜೀನ್ ಗೋಲ್ಡ್‌ವಾಸರ್ ಮತ್ತು ಜಪಾನಿನ ತಕಾಜಿ ಮಿಯಾಕೆ ಅವರ ತಂಡ 1977ರಲ್ಲಿ ಈ ಕೆಲಸ ಮುಗಿಸಿತು. ಅದಕ್ಕೆ ಬೇಕಾಗಿದ್ದು ತೀವ್ರ ರಕ್ತಹೀನತೆ ಇದ್ದ ರೋಗಿಗಳ 2,550 ಲೀಟರ್ ಮೂತ್ರ! ಅಂಥ ರೋಗಿಗಳ ದೇಹ ಈಪೊವನ್ನ ಸಿಕ್ಕಾಪಟ್ಟೆ ತಯಾರಿಸುತ್ತೆ, ಅದು ಮೂತ್ರದಲ್ಲೂ ಹೋಗುತ್ತೆ. ಅಷ್ಟರಿಂದ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಆಮೇಲೆ ಅಮೆರಿಕದ ಆಮ್ಜೆನ್ ಕಂಪನಿಯಲ್ಲಿ ಫು-ಕುಯೆನ್ ಲಿನ್ ಅದರ ಜೀನ್ ಹುಡುಕಿದರು, ಪ್ರಯೋಗಾಲಯದಲ್ಲಿ ಬೆಳೆಸೋದು ಸಾಧ್ಯವಾಯ್ತು, 1989ರಲ್ಲಿ ಅಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ತು. ಸೈಕಲ್ ರೇಸಿನವರು ಕದ್ದುಮುಚ್ಚಿ ತಗೊಳ್ತಿದ್ದಿದ್ದೂ ಇದನ್ನೇ. ಆ ಕಥೆ ಇನ್ನೊಂದು ದಿನ.

ಈಗ ಬಾಗಿಲು, ಅಂದ್ರೆ ರಿಸೆಪ್ಟರ್. ಈಪೊ ಒಂದು ದೊಡ್ಡ ಅಣು, ಜೀವಕೋಶದ ಪೊರೆ ದಾಟಿ ಒಳಗೆ ಹೋಗೋಕಾಗಲ್ಲ. ಅದಕ್ಕೆ ಪೊರೆಯಲ್ಲಿ ಒಂದು ಪ್ರೋಟೀನ್ ಸಿಕ್ಕಿಸಿಕೊಂಡಿರುತ್ತೆ. ಫಾರ್ವರ್ಡ್‌ನಲ್ಲಿ ಬಾಗಿಲು ಅಂತಿತ್ತು. ನನ್ನ ಪ್ರಕಾರ ಕಾಲಿಂಗ್ ಬೆಲ್ ಅನ್ನೋದೇ ಸರಿ. ಸ್ವಿಚ್ ಮನೆಯ ಹೊರಗೆ, ವೈರು ಗೋಡೆಯ ಮಧ್ಯೆ, ಗಂಟೆ ಮನೆಯ ಒಳಗೆ. ಈಪೊ ಬಂದು ಹೊರಗಿನ ಸ್ವಿಚ್ ಒತ್ತುತ್ತೆ. ಅಕ್ಕಪಕ್ಕದ ಎರಡು ರಿಸೆಪ್ಟರ್‌ಗಳು ಜೋಡಿಯಾಗಿ ಕೆಲಸ ಮಾಡುತ್ತವೆ, ಒಳಗೆ ಗಂಟೆ ಬಡಿಯುತ್ತೆ. ಈಪೊ ಒಳಗೆ ಬರೋದೇ ಬೇಡ.

ಈ ಚಿತ್ರ ಸ್ವಲ್ಪ ಮನಸ್ಸಲ್ಲಿ ಇಟ್ಕೊಂಡಿರಿ. ಹೊರಗಿನ ಸ್ವಿಚ್ಚು, ಒಳಗಿನ ಗಂಟೆ. ಮುಂದೆ ಬೇಕಾಗುತ್ತೆ.

ಒಂದು ಜೀವಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನ್‌ಗಳು ಇರುತ್ತವೆ. ಅದರಲ್ಲಿ ಈ ಒಂದು ರಿಸೆಪ್ಟರ್ ಇದೆಯೋ ಇಲ್ವೋ ಅಂತ ನೋಡೋದು ಹೇಗೆ? ಕಣ್ಣಿಗಂತೂ ಕಾಣಲ್ಲ. ಅಲ್ಲಿ ಬರೋದು ಆ್ಯಂಟಿಬಾಡಿ. ಕೋವಿಡ್ ಸಮಯದಲ್ಲಿ ಈ ಪದ ಎಲ್ಲರ ಬಾಯಲ್ಲೂ ಬಂದುಹೋಗಿದೆ. ರೋಗಾಣುವಿನ ಒಂದು ಭಾಗವನ್ನ ಗುರುತು ಹಿಡಿದು ಅಂಟಿಕೊಳ್ಳೋ ಪ್ರೋಟೀನ್ ಅದು. ವಿಜ್ಞಾನಿಗಳು ಅದೇ ಗುಣವನ್ನ ಉಪಯೋಗಿಸ್ಕೊಳ್ತಾರೆ. ತಮಗೆ ಬೇಕಾದ ಪ್ರೋಟೀನಿನ ಒಂದು ತುಂಡನ್ನ ಮೊಲಕ್ಕೋ ಇಲಿಗೋ ಆಡಿಗೋ ಚುಚ್ಚುತ್ತಾರೆ. ಆ ಪ್ರಾಣಿಯ ದೇಹ ಅದನ್ನ ಶತ್ರು ಅಂದ್ಕೊಂಡು ಆ್ಯಂಟಿಬಾಡಿ ತಯಾರಿಸುತ್ತೆ. ಅದನ್ನ ರಕ್ತದಿಂದ ತೆಗೆದು, ಬಾಟಲಿಗೆ ಹಾಕಿ, ಲೇಬಲ್ ಅಂಟಿಸಿ ಮಾರ್ತಾರೆ.

ಇದು ರೋಗಿಗೆ ಕೊಡೋ ಔಷಧಿ ಅಲ್ಲ, ಸಂಶೋಧನೆಗೆ ಮಾತ್ರ. ಒಂದು ಹನಿಗಿಂತ ಸ್ವಲ್ಪ ಜಾಸ್ತಿ ಇರೋ ಪುಟ್ಟ ಟ್ಯೂಬಿಗೆ ಹತ್ತಾರು ಸಾವಿರ ರೂಪಾಯಿ. ಕ್ಯಾಟಲಾಗ್ ನೋಡಿ, ಆರ್ಡರ್ ಮಾಡಿ, ಐಸ್ ಡಬ್ಬದಲ್ಲಿ ಕೊರಿಯರ್ ಬರುತ್ತೆ. 'ಒಂದು ಸಲ ತರಿಸಿದ ಮೇಲೆ ಅದು ಕೆಲಸ ಮಾಡಲ್ಲ ಅಂತ ಒಪ್ಕೊಳ್ಳೋಕೆ ಎಷ್ಟು ಹೊಟ್ಟೆ ಉರಿಯುತ್ತೆ ಗೊತ್ತಾ ನಿಂಗೆ' ಅಂದಳು ಗೆಳತಿ.

ಪ್ರಾಣಿಯ ರಕ್ತದಿಂದ ನೇರ ತೆಗೆದದ್ದು ಪಾಲಿಕ್ಲೋನಲ್. ಅಂದ್ರೆ ಒಂದೇ ಬಗೆಯ ಆ್ಯಂಟಿಬಾಡಿ ಅಲ್ಲ, ಹಲವು ಬಗೆಯವುಗಳ ಗುಂಪು. ಆ ಮೊಲ ಸತ್ತು ಹೊಸ ಮೊಲ ಬಂದ್ರೆ ಗುಂಪೂ ಬದಲಾಗುತ್ತೆ, ಲೇಬಲ್ ಮಾತ್ರ ಅದೇ ಇರುತ್ತೆ. ಒಂದೇ ಬಗೆಯದ್ದನ್ನ ಬೇಕಾದಷ್ಟು ಬೆಳೆಸೋ ವಿಧಾನವನ್ನ 1975ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಕಂಡುಹಿಡಿದರು. ಅದು ಮೊನೊಕ್ಲೋನಲ್. 1984ರಲ್ಲಿ ನೊಬೆಲ್ ಬಂತು. ಆ ವಿಧಾನಕ್ಕೆ ಪೇಟೆಂಟೇ ಮಾಡಿಸಿರಲಿಲ್ಲ. ಕಾಮರ್ಸ್ ಓದಿದವನಾಗಿ ಇದನ್ನ ಓದಿದಾಗ ನನಗೆ ಒಂದು ಕ್ಷಣ ಉಸಿರು ನಿಂತಂಗಾಯ್ತು.

ಈಗ ಕಥೆಗೆ ಬರೋಣ.

ಕ್ಯಾನ್ಸರ್ ರೋಗಿಗಳಿಗೂ ರಕ್ತಹೀನತೆ ಬರುತ್ತೆ, ಕಾಯಿಲೆಯಿಂದಲೂ, ಕೀಮೋದಿಂದಲೂ. ಈಪೊ ಕೊಟ್ರೆ ರಕ್ತ ಏರಿಸೋ ಅಗತ್ಯ ಕಡಿಮೆಯಾಗುತ್ತೆ ಅನ್ನೋದು ಸಹಜವಾದ ಯೋಚನೆ. ಅದಲ್ಲದೆ, ಗಡ್ಡೆಗೆ ಆಮ್ಲಜನಕ ಚೆನ್ನಾಗಿ ಸಿಕ್ಕಿದ್ರೆ ರೇಡಿಯೇಷನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ ಅನ್ನೋ ನಿರೀಕ್ಷೆಯೂ ಇತ್ತು. ಜರ್ಮನಿಯ ಮೈಕೆಲ್ ಹೆಂಕೆ ಮತ್ತು ಜೊತೆಗಾರರು ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಇದ್ದ 351 ಜನರ ಮೇಲೆ ಇದನ್ನ ಪರೀಕ್ಷಿಸಿದರು. 2003ರಲ್ಲಿ ಫಲಿತಾಂಶ ಬಂತು. ಈಪೊ ತಗೊಂಡವರ ಹಿಮೋಗ್ಲೋಬಿನ್ ಏರಿತ್ತು, ಆದ್ರೆ ಕ್ಯಾನ್ಸರ್ ಮರುಕಳಿಸಿದ್ದು ಅವರಲ್ಲೇ ಜಾಸ್ತಿ. ಸ್ತನ ಕ್ಯಾನ್ಸರ್ ದೇಹದ ಬೇರೆ ಕಡೆಗೂ ಹರಡಿದ್ದ 939 ಮಹಿಳೆಯರ ಇನ್ನೊಂದು ಪ್ರಯೋಗವನ್ನ ಮಧ್ಯದಲ್ಲೇ ನಿಲ್ಲಿಸಬೇಕಾಯ್ತು. ಒಂದು ವರ್ಷದ ಹೊತ್ತಿಗೆ ಈಪೊ ಕೊಟ್ಟ ಗುಂಪಿನಲ್ಲಿ 70 ಶೇಕಡಾ ಬದುಕಿದ್ದರು, ಕೊಡದ ಗುಂಪಿನಲ್ಲಿ 76.

ಒಳ್ಳೇದಾಗಲಿ ಅಂತ ಕೊಟ್ಟಿದ್ದು. ಹೀಗ್ಯಾಕಾಯ್ತು?

ಉತ್ತರ ಆಗಲೇ ರೆಡಿ ಇದ್ದ ಹಾಗಿತ್ತು. 2001ರ ಆಸುಪಾಸಿನಿಂದ ಹಲವು ಲ್ಯಾಬ್‌ಗಳು ಸ್ತನ ಕ್ಯಾನ್ಸರ್ ಸೇರಿದಂತೆ ಬೇರೆ ಬೇರೆ ಗಡ್ಡೆಗಳ ತೆಳು ಪದರ ಕತ್ತರಿಸಿ, ಈಪೊ ರಿಸೆಪ್ಟರ್ ಹಿಡಿಯೋ ಆ್ಯಂಟಿಬಾಡಿ ಹಾಕಿ, ಬಣ್ಣ ಬರಿಸಿ ನೋಡಿದ್ದವು. ಕಂದು ಬಣ್ಣ ಬಂದಿತ್ತು. ಕ್ಯಾನ್ಸರ್ ಕೋಶಗಳಿಗೂ ಈಪೊ ಕಾಲಿಂಗ್ ಬೆಲ್ ಇದೆ, ನಾವು ಔಷಧಿ ಕೊಟ್ಟು ಅದನ್ನೇ ಒತ್ತುತ್ತಿದ್ದೀವಿ, ಗಡ್ಡೆ ಬೆಳೀತಿದೆ. ಎಷ್ಟು ಸಲೀಸಾಗಿ ಕೂಡಿಕೊಳ್ಳುತ್ತೆ ನೋಡಿ.

ಈ ಕೆಲಸಕ್ಕೆ ತುಂಬ ಜನ ಉಪಯೋಗಿಸಿದ ಆ್ಯಂಟಿಬಾಡಿಯ ಹೆಸರು ಸಿ-20. ಮೊಲದ ಪಾಲಿಕ್ಲೋನಲ್. ರಿಸೆಪ್ಟರ್‌ನ ಬಾಲದ ತುದಿಯ ತುಂಡನ್ನ ಚುಚ್ಚಿ ತಯಾರಿಸಿದ್ದು. ಬಾಲ ಅಂದ್ರೆ ಕೋಶದ ಒಳಗಿನ ತುದಿ, ನಮ್ಮ ಗಂಟೆ.

ಇಲ್ಲಿ ವೆಸ್ಟರ್ನ್ ಬ್ಲಾಟ್ ಅನ್ನೋ ಪರೀಕ್ಷೆ ಬಗ್ಗೆ ಎರಡು ನಿಮಿಷ ಹೇಳಲೇಬೇಕು. ಕೋಶಗಳನ್ನ ಒಡೆದು, ಅದರ ಪ್ರೋಟೀನ್‌ಗಳನ್ನೆಲ್ಲ ಜೆಲ್ಲಿಯಂಥ ಒಂದು ಹಾಳೆಯ ಮೇಲ್ತುದಿಯಲ್ಲಿ ಹಾಕಿ ಕರೆಂಟ್ ಹರಿಸ್ತಾರೆ. ಚಿಕ್ಕ ಪ್ರೋಟೀನ್‌ಗಳು ಜೆಲ್ಲಿಯ ಸಂದಿಯಲ್ಲಿ ನುಸುಳಿ ಬೇಗ ಕೆಳಗೆ ಹೋಗುತ್ತವೆ, ದೊಡ್ಡವು ಮೇಲೇ ಉಳಿಯುತ್ತವೆ. ಪಕ್ಕದಲ್ಲಿ ತೂಕ ಗೊತ್ತಿರೋ ಪ್ರೋಟೀನ್‌ಗಳ ಒಂದು ಅಳತೆಪಟ್ಟಿ ಇರುತ್ತೆ. ಆಮೇಲೆ ಆ್ಯಂಟಿಬಾಡಿ ಹಾಕ್ತಾರೆ, ಅದು ಎಲ್ಲಿ ಅಂಟಿತೋ ಅಲ್ಲಿ ಒಂದು ಗೆರೆ ಕಾಣುತ್ತೆ. ಹಾಗಾಗಿ ಅಂಟಿದೆಯಾ ಅನ್ನೋದರ ಜೊತೆಗೆ, ಅಂಟಿಸಿಕೊಂಡಿದ್ದರ ತೂಕ ಎಷ್ಟು ಅನ್ನೋದೂ ಗೊತ್ತಾಗುತ್ತೆ.

ಈಪೊ ರಿಸೆಪ್ಟರ್‌ನ ತೂಕ ಲೆಕ್ಕದ ಪ್ರಕಾರ 56ರಿಂದ 57 ಕಿಲೋಡಾಲ್ಟನ್ ಇರಬೇಕು. ಕಿಲೋಡಾಲ್ಟನ್ ಅಂದ್ರೆ ಅಣುಗಳ ತೂಕ ಹೇಳೋ ಅಳತೆ, ಅಷ್ಟು ಸಾಕು. ಆದ್ರೆ ಈ ಆ್ಯಂಟಿಬಾಡಿಗಳನ್ನ ಬಳಸಿದ ಲ್ಯಾಬ್‌ಗಳು ತೋರಿಸಿದ ಗೆರೆಗಳು 66ರಿಂದ 78ರವರೆಗೆ ಇದ್ದವು. ಪಾಸ್‌ಬುಕ್‌ನಲ್ಲಿ 57 ಸಾವಿರ ಇರಬೇಕಾದ ಕಡೆ 66 ಸಾವಿರ ಇದ್ರೆ ನಮ್ಮ ಆಡಿಟರ್ ಸುಮ್ನೆ ಬಿಡ್ತಾರಾ? ಇಲ್ಲಿ ಬಿಟ್ಟರು. ಬಿಡೋಕೆ ಕಾರಣವೂ ಇತ್ತು ಅನ್ನಿ. ಪ್ರೋಟೀನ್‌ಗೆ ಸಕ್ಕರೆ ಸರಪಳಿ ಅಂಟಿಕೊಂಡ್ರೆ ತೂಕ ಜಾಸ್ತಿ ಕಾಣೋದು ಮಾಮೂಲಿ. ಒಂದು ಸಮಜಾಯಿಷಿ ಕೈಗೆ ಸಿಕ್ಕಾಗ ಯಾರೂ ಇನ್ನೊಂದನ್ನ ಹುಡುಕಲ್ಲ.

2006ರಲ್ಲಿ ಸ್ಟೀವ್ ಎಲಿಯಟ್ ಮತ್ತು ಜೊತೆಗಾರರು 'ಬ್ಲಡ್' ಅನ್ನೋ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ಮಾರುಕಟ್ಟೆಯಲ್ಲಿದ್ದ ಈ ಆ್ಯಂಟಿಬಾಡಿಗಳನ್ನೇ ತಗೊಂಡು ಪರೀಕ್ಷೆ ಮಾಡಿದ್ದರು. ಸಿ-20 ಗಡ್ಡೆಯ ಕೋಶಗಳಲ್ಲಿ ಮೂರು ಗೆರೆ ತೋರಿಸ್ತು: 35, 66, 100. ನಿಜವಾದ ರಿಸೆಪ್ಟರ್ ಬರೋದು 59ರ ಹತ್ತಿರ. 66ರ ಗೆರೆಯ ಜಾಗದ ಪ್ರೋಟೀನನ್ನ ಜೆಲ್ಲಿಯಿಂದ ತೆಗೆದು, ಅದರ ಅಮೈನೋ ಆಮ್ಲಗಳ ಸಾಲನ್ನ ಓದಿದ್ರೆ ಅದು ಈಪೊ ರಿಸೆಪ್ಟರ್ ಆಗಿರಲೇ ಇಲ್ಲ. ಎಚ್‌ಎಸ್‌ಪಿ-70 ಅನ್ನೋ ಬೇರೆಯೇ ಪ್ರೋಟೀನ್.

ಇದು ಯಾವುದು ಅಂದ್ರೆ, ಕೋಶಕ್ಕೆ ಬಿಸಿ ತಗುಲಿದಾಗ, ಆಮ್ಲಜನಕ ಸಾಲದಾದಾಗ, ಒಟ್ಟಿನಲ್ಲಿ ಒತ್ತಡ ಬಿದ್ದಾಗ ಜಾಸ್ತಿಯಾಗೋ ಪ್ರೋಟೀನ್. ಬೇರೆ ಪ್ರೋಟೀನ್‌ಗಳು ಮುದುಡಿ ಹಾಳಾಗದಂತೆ ನೋಡಿಕೊಳ್ಳೋದು ಇದರ ಕೆಲಸ. ಕ್ಯಾನ್ಸರ್ ಗಡ್ಡೆಗಳಲ್ಲಿ ಒತ್ತಡಕ್ಕೇನೂ ಕಮ್ಮಿ ಇರಲ್ಲ, ಹಾಗಾಗಿ ಎಷ್ಟೋ ಗಡ್ಡೆಗಳಲ್ಲಿ ಎಚ್‌ಎಸ್‌ಪಿ-70 ಧಾರಾಳವಾಗಿರುತ್ತೆ. ಇದರ ತುಂಡುಗಳನ್ನ ಸಿ-20 ಜೊತೆ ಮೊದಲೇ ಬೆರೆಸಿಟ್ರೆ, ಆ್ಯಂಟಿಬಾಡಿ ಅಂಟೋದು ತೀರಾ ಕಮ್ಮಿ ಆಯ್ತು. ಅಂದ್ರೆ ಅದರ ಕೈಗಳು ಆಗಲೇ ಭರ್ತಿಯಾಗಿದ್ದವು.

ಅವರು ನೋಡಿದ ಆ್ಯಂಟಿಬಾಡಿಗಳಲ್ಲಿ ಎಂ-20 ಅನ್ನೋದೊಂದೇ ವೆಸ್ಟರ್ನ್ ಬ್ಲಾಟ್‌ಗೆ ಪರವಾಗಿಲ್ಲ ಅನ್ನಿಸಿತು, ಯಾಕಂದ್ರೆ ಅಲ್ಲಿ ತೂಕ ನೋಡಿ ಸರಿಯಾದ ಗೆರೆಯನ್ನ ಆರಿಸ್ಕೊಳ್ಳಬಹುದು. ಗಡ್ಡೆಯ ಪದರಕ್ಕೆ ಬಣ್ಣ ಹಾಕಿ ನೋಡೋ ಪರೀಕ್ಷೆಗೆ ಒಂದೂ ಲಾಯಕ್ಕಿರಲಿಲ್ಲ.

ಇದು ಮುಖ್ಯ, ಸ್ವಲ್ಪ ನಿಂತು ಹೇಳ್ತೀನಿ. ವೆಸ್ಟರ್ನ್ ಬ್ಲಾಟ್‌ನಲ್ಲಿ ತಪ್ಪಾದ್ರೆ ತೂಕ ಹೇಳಿಬಿಡುತ್ತೆ. ಬಣ್ಣದ ಸ್ಲೈಡ್‌ನಲ್ಲಿ ತೂಕ ಇಲ್ಲ, ಬರೀ ಕಂದು. ರಿಸೆಪ್ಟರ್‌ಗೆ ಅಂಟಿದ್ರೂ ಕಂದು, ಎಚ್‌ಎಸ್‌ಪಿ-70ಗೆ ಅಂಟಿದ್ರೂ ಅದೇ ಕಂದು. ಅಕೌಂಟ್ಸ್ ಓದಿದವರಿಗೆ ಒಂದು ಮಾತು ಹೇಳಿದ್ರೆ ಸಾಕು: ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಿದೆ, ಆದ್ರೆ ರಮೇಶನ ಖಾತೆಗೆ ಹಾಕಬೇಕಾದ್ದನ್ನ ಸುರೇಶನ ಖಾತೆಗೆ ಹಾಕಿದ್ದಾರೆ. ಮೊತ್ತ ನೋಡಿ ಈ ತಪ್ಪು ಹಿಡಿಯೋಕಾಗಲ್ಲ, ವೋಚರ್ ತೆಗೆದು ನೋಡಲೇಬೇಕು.

ಅದೇ 2006ರಲ್ಲಿ ಸ್ವಲ್ಪ ತಿಂಗಳಾದ ಮೇಲೆ ಹೆಂಕೆ ತಂಡದ ಇನ್ನೊಂದು ಪ್ರಬಂಧ ಬಂತು. ತಮ್ಮ ಪ್ರಯೋಗದಲ್ಲಿದ್ದ ರೋಗಿಗಳ ಗಡ್ಡೆಗಳಿಗೆ ಸಿ-20 ಹಾಕಿ ನೋಡಿದ್ದರು. ಯಾರ ಗಡ್ಡೆ ಕಂದಾಗಿತ್ತೋ ಅವರಿಗೆ ಈಪೊದಿಂದ ಹೆಚ್ಚು ಕೆಟ್ಟದಾಗಿತ್ತು. ಬಣ್ಣ ಬರದವರಲ್ಲಿ ಹಾಗೆ ಕಾಣಲಿಲ್ಲ. ಇದನ್ನ ಓದಿದಾಗ ನಾನು ಗೊಂದಲಕ್ಕೆ ಬಿದ್ದೆ. ಆ್ಯಂಟಿಬಾಡಿ ತಪ್ಪು ಅಂದಮೇಲೆ ಈ ಸಂಬಂಧ ಎಲ್ಲಿಂದ ಬಂತು?

ಗೆಳತಿ ಬಿಡಿಸಿ ಹೇಳಿದಳು. "ಬಣ್ಣ ಬಂದಿದ್ದು ಸುಳ್ಳಲ್ಲ ಕಣೋ. ಆ ಗಡ್ಡೆಗಳಲ್ಲಿ ಏನೋ ಒಂದು ಜಾಸ್ತಿ ಇತ್ತು. ಅದು ಈಪೊ ರಿಸೆಪ್ಟರ್ ಅಂತ ಹೇಳಿದ್ದೇ ತಪ್ಪು. ಒತ್ತಡದಲ್ಲಿರೋ, ಜೋರಾದ ಗಡ್ಡೆಗಳನ್ನೇ ಅದು ಎತ್ತಿ ತೋರಿಸಿರಬಹುದು." ಅವಳ ಮಾತು ಒಂದು ಊಹೆ ಅಷ್ಟೇ, ಆದ್ರೆ ನನಗೆ ಆ ಗಂಟು ಬಿಡಿಸಿಕೊಳ್ಳೋಕೆ ಸಾಕಾಯ್ತು.

ಈಗ ನಿಮ್ಮಲ್ಲಿ ಕೆಲವರು ಕೇಳ್ತೀರಿ, ಈ ಎಲಿಯಟ್ ಯಾರು, ಎಲ್ಲಿ ಕೆಲಸ ಮಾಡ್ತಿದ್ರು? ಆಮ್ಜೆನ್‌ನಲ್ಲಿ. ಹೌದು, ಈಪೊ ಮಾರೋ ಅದೇ ಕಂಪನಿ. ಕ್ಯಾನ್ಸರ್ ಕೋಶದಲ್ಲಿ ರಿಸೆಪ್ಟರ್ ಇಲ್ಲ ಅಂತ ಸಾಬೀತಾದ್ರೆ ಯಾರಿಗೆ ಲಾಭ ಅಂತ ಬಿಡಿಸಿ ಹೇಳಬೇಕಿಲ್ಲ. ನನಗೂ ಇದು ಗೊತ್ತಾದ ತಕ್ಷಣ, ಓಹೋ ಇದೂ ಒಂದು ಆಟ ಅನ್ನಿಸ್ತು. ಅನುಮಾನ ಪಡೋದು ತಪ್ಪಲ್ಲ, ಪಡಲೇಬೇಕು. ಆದ್ರೆ 66 ಅನ್ನೋ ಗೆರೆ 59ಕ್ಕೆ ಬರಲ್ಲ, ಅದನ್ನ ಯಾರೇ ಅಳೆದರೂ. ಬೇರೆ ಯಾವುದೇ ಲ್ಯಾಬ್ ಅದೇ ಬಾಟಲಿ ತರಿಸಿ ಅದೇ ಪರೀಕ್ಷೆ ಮಾಡಿ ನೋಡಬಹುದು. ಕಂಪನಿಯ ಹಿತಾಸಕ್ತಿ ಇದೆ ಅಂತ ಎಚ್ಚರಿಕೆಯಿಂದ ಓದೋದು ಬೇರೆ, ಓದದೇ ಎಸೆಯೋದು ಬೇರೆ. ಕಂಪನಿಯ ದುಡ್ಡು ಇಲ್ಲದ ಲ್ಯಾಬ್‌ಗಳು ಈ ತೂಕದ ವ್ಯತ್ಯಾಸವನ್ನ ಮೊದಲೇ ಪ್ರಶ್ನೆ ಮಾಡಿ ಇತ್ಯರ್ಥ ಮಾಡಿದ್ದಿದ್ರೆ ಚೆನ್ನಾಗಿರ್ತಿತ್ತು ಅನ್ನೋದು ನನ್ನ ಬೇಜಾರು.

ಹಾಗಾದ್ರೆ ಸರಿಯಾದ ಆ್ಯಂಟಿಬಾಡಿ ಮಾಡೋದು ಹೇಗೆ? ಒಳ್ಳೇ ಪರೀಕ್ಷೆ ಕೇಳೋಕೆ ತುಂಬ ಸರಳ. ಆ ಪ್ರೋಟೀನಿನ ಜೀನನ್ನೇ ತೆಗೆದುಹಾಕಿದ ಕೋಶಗಳನ್ನ ತಯಾರಿಸಿ, ಅದಕ್ಕೂ ಆ್ಯಂಟಿಬಾಡಿ ಹಾಕಿ ನೋಡೋದು. ಪ್ರೋಟೀನೇ ಇಲ್ಲದ ಕೋಶದಲ್ಲೂ ಗೆರೆ ಬಂದ್ರೆ ಅದು ಬೇರೆ ಯಾರನ್ನೋ ಹಿಡೀತಿದೆ ಅಂತ ಅರ್ಥ. ಖಾತೆ ಮುಚ್ಚಿದ ಮೇಲೂ ಆ ಖಾತೆಯಿಂದ ಯುಪಿಐ ಮೆಸೇಜ್ ಬರ್ತಿದ್ರೆ ನೀವೇನು ಅಂದ್ಕೊಳ್ತೀರಾ, ಹಾಗೆ. ಜೀನ್ ತೆಗೆಯೋದು ಆಗ ಸುಲಭವಾಗಿರಲಿಲ್ಲ, ಈಗ ಕ್ರಿಸ್ಪರ್ ಬಂದ ಮೇಲೆ ಸಾಮಾನ್ಯ ಲ್ಯಾಬ್‌ಗಳಿಗೂ ಸಾಧ್ಯ. ಇನ್ನೊಂದು ದಾರಿಯೂ ಇದೆ. ಆ ಪ್ರೋಟೀನ್ ಖಂಡಿತ ತುಂಬ ಇರೋ ಕೋಶ ಒಂದು, ಖಂಡಿತ ಇಲ್ಲದ ಕೋಶ ಒಂದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದು.

2010ರಲ್ಲಿ ಎಲಿಯಟ್ ತಂಡ ಎ-82 ಅನ್ನೋ ಹೊಸ ಮೊನೊಕ್ಲೋನಲ್ ಆ್ಯಂಟಿಬಾಡಿಯ ವಿವರ ಪ್ರಕಟಿಸಿತು. ಅದೇ ವರ್ಷ ಆಮ್ಜೆನ್‌ನ ಇನ್ನೊಂದು ಪ್ರಬಂಧದಲ್ಲಿ 209 ಮಾನವ ಕ್ಯಾನ್ಸರ್ ಕೋಶ ಮಾದರಿಗಳಲ್ಲಿ ರಿಸೆಪ್ಟರ್‌ನ ಆರ್‌ಎನ್‌ಎ ಅಳೆದಿದ್ದರು, ಅದರಲ್ಲಿ 66 ಮಾದರಿಗಳನ್ನ ಹೊಸ ಆ್ಯಂಟಿಬಾಡಿಯಿಂದ ನೋಡಿದ್ದರು. ಈಪೊಗೆ ಸ್ಪಂದಿಸುತ್ತೆ ಅಂತ ಗೊತ್ತಿರೋ ಕೋಶಗಳಲ್ಲಿ ಅಂದಾಜು 10,000ದಿಂದ 1,00,000 ರಿಸೆಪ್ಟರ್ ಜೋಡಿಗಳು. ಲೆಕ್ಕಕ್ಕೆ ಸಿಕ್ಕ 61 ಕ್ಯಾನ್ಸರ್ ಮಾದರಿಗಳಲ್ಲಿ 54ರಲ್ಲಿ ನೂರಕ್ಕಿಂತ ಕಡಿಮೆ. ಸ್ವಲ್ಪ ಜಾಸ್ತಿ ಇದ್ದ ಕೆಲವಕ್ಕೆ ಈಪೊ ಹಾಕಿ ನೋಡಿದ್ರೆ, ಬಹುಪಾಲು ಮಿಸುಕಾಡಲಿಲ್ಲ.

ಜಾಸ್ತಿ ಇದ್ದೂ ಯಾಕೆ ಮಿಸುಕಾಡಲಿಲ್ಲ? ಇಲ್ಲಿಗೆ ಬೇಕು ನಮ್ಮ ಕಾಲಿಂಗ್ ಬೆಲ್. ರಿಸೆಪ್ಟರ್ ಕೋಶದ ಒಳಗಡೆ ತಯಾರಾಗುತ್ತೆ, ಆಮೇಲೆ ಪೊರೆಗೆ ಬರಬೇಕು. ಈಪೊ ರಿಸೆಪ್ಟರ್ ವಿಷಯದಲ್ಲಿ ತಯಾರಾದ್ದರಲ್ಲಿ ಸಣ್ಣ ಪಾಲು ಮಾತ್ರ ಪೊರೆಯವರೆಗೆ ಬರುತ್ತೆ, ಉಳಿದದ್ದು ಒಳಗೇ ಉಳಿದುಹೋಗುತ್ತೆ. ಗೋಡೌನ್‌ನಲ್ಲಿ ನೂರು ಬೆಲ್ ಇದ್ದು ಗೋಡೆಗೆ ಒಂದೂ ಹಾಕಿಲ್ಲ ಅಂದ್ರೆ ಹೊರಗಿನವರು ಒತ್ತೋದು ಏನನ್ನ? ಸಿ-20 ಥರದ ಆ್ಯಂಟಿಬಾಡಿ ಬಾಲದ ತುದಿಯನ್ನ, ಅಂದ್ರೆ ಒಳಗಿನ ಗಂಟೆಯನ್ನ ಹಿಡಿಯೋದಕ್ಕೆ ಮಾಡಿದ್ದು. ಅದು ನೂರಕ್ಕೆ ನೂರು ಸರಿಯಾಗಿ ಕೆಲಸ ಮಾಡಿದ್ರೂ, ಕೋಶ ಒಡೆದು ನೋಡಿದಾಗ ಈ ಪ್ರೋಟೀನ್ ಎಲ್ಲೋ ಇದೆ ಅಂತ ಹೇಳಬಹುದಿತ್ತೇ ಹೊರತು, ಪೊರೆಯ ಹೊರಗೆ ಸ್ವಿಚ್ ಇದೆ ಅಂತಲ್ಲ. ಪೊರೆಯ ಪ್ರೋಟೀನ್‌ಗಳ ಸಂಶೋಧನೆಯಲ್ಲಿ ಇದೊಂದು ಹೆಚ್ಚುವರಿ ತಲೆನೋವು. ಬದುಕಿರೋ ಕೋಶದ ಹೊರಮೈಯಲ್ಲಿ ಏನಿದೆ ಅಂತ ನೋಡಬೇಕಾದ್ರೆ ಹೊರಗೆ ಚಾಚಿಕೊಂಡಿರೋ ಭಾಗವನ್ನೇ ಹಿಡಿಯೋ ಆ್ಯಂಟಿಬಾಡಿ ಬೇಕು. ಇಲ್ಲದಿದ್ರೆ ಈಪೊ ನಿಜವಾಗಿ ಬಂದು ಕೂರುತ್ತಾ ಅಂತ ನೇರವಾಗಿ ಅಳೀಬೇಕು.

ಈಗ ಒಂದು ಎಚ್ಚರಿಕೆ. ಇಷ್ಟು ಕೇಳಿ, 'ಓ, ಹಾಗಾದ್ರೆ ಕ್ಯಾನ್ಸರ್ ರೋಗಿಗಳಿಗೆ ಈಪೊ ಕೊಟ್ರೆ ಏನೂ ಆಗಲ್ಲ' ಅಂದ್ಕೊಂಡ್ರೆ ಅದು ಫಾರ್ವರ್ಡ್‌ಗಿಂತ ದೊಡ್ಡ ತಪ್ಪು. ಆ 939 ಮಹಿಳೆಯರ ಲೆಕ್ಕ ಆ್ಯಂಟಿಬಾಡಿಯಿಂದ ಬಂದಿದ್ದಲ್ಲ, ಬದುಕಿದವರನ್ನ, ತೀರಿಕೊಂಡವರನ್ನ ಎಣಿಸಿ ಬಂದಿದ್ದು. ಅದು ಹಾಗೇ ನಿಂತಿದೆ. ಅಮೆರಿಕದ ಎಫ್‌ಡಿಎ 2007ರ ಮಾರ್ಚ್‌ನಲ್ಲಿ ಈ ಔಷಧಿಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಕೆಲವು ಬಗೆಯ ಕ್ಯಾನ್ಸರ್‌ಗಳಲ್ಲಿ ಆಯಸ್ಸು ಕಡಿಮೆಯಾಗಬಹುದು, ಗಡ್ಡೆ ಬೆಳೆಯಬಹುದು ಅನ್ನೋದು ಅದರಲ್ಲಿದೆ. ಗುಣವಾಗೋ ನಿರೀಕ್ಷೆಯಿಂದ ಕೀಮೋ ಕೊಡ್ತಿರೋರಿಗೆ ಈಪೊ ಬೇಡ ಅನ್ನೋ ಸೂಚನೆಯೂ ಆಮೇಲೆ ಬಂತು. ಈಪೊ ರಕ್ತ ಹೆಪ್ಪುಗಟ್ಟೋ ಅಪಾಯ ಹೆಚ್ಚಿಸುತ್ತೆ ಅನ್ನೋದಕ್ಕೆ ಆಧಾರ ಗಟ್ಟಿಯಾಗಿದೆ, ಆದ ಕೇಡಿನಲ್ಲಿ ಅದರ ಪಾಲೂ ಇರಬಹುದು. ಪೂರ್ತಿ ಕಾರಣದ ಬಗ್ಗೆ ಸಂಶೋಧಕರು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಅಂದ್ರೆ ಅಪಾಯ ನಿಜ, ಅದಕ್ಕೆ ಕೊಟ್ಟ ಕಾರಣ ಗಟ್ಟಿಯಾಗಿರಲಿಲ್ಲ. ಕಾರಣ ತಪ್ಪಾದ್ರೆ ಏನಾಗುತ್ತೆ? ಸಿ-20 ಹಾಕಿ ಬಣ್ಣ ಬರದ ರೋಗಿಗೆ 'ನಿಮಗೆ ಪರವಾಗಿಲ್ಲ, ಈಪೊ ಕೊಡಬಹುದು' ಅಂತ ಹೇಳೋ ದಿನ ಬರಬಹುದಿತ್ತು. ಸಂಶೋಧನೆಗೆ ಅಂತ ಮಾರಿದ ಒಂದು ಬಾಟಲಿಯ ಮೇಲೆ ಯಾರದೋ ಚಿಕಿತ್ಸೆ ನಿಂತುಬಿಡ್ತಿತ್ತು. ನನಗೆ ಹೆದರಿಕೆಯಾದ ಜಾಗ ಇದೇ.

ಇದು ಒಂದೇ ಪ್ರೋಟೀನಿನ ಕಥೆಯಾಗಿದ್ರೆ ಸಂಚಿಕೆ ಮಾಡ್ತಿರಲಿಲ್ಲ. 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಸಹಿ ಹಾಕಿ ಬರೆದರು, ಹೀಗೆ ನೆಚ್ಚೋಕಾಗದ ಆ್ಯಂಟಿಬಾಡಿಗಳಿಗೆ ಜಗತ್ತಿನಲ್ಲಿ ವರ್ಷಕ್ಕೆ ಅಂದಾಜು 80 ಕೋಟಿ ಡಾಲರ್ ಪೋಲಾಗ್ತಿದೆ ಅಂತ. ಕೆನಡಾದ ಮಾಂಟ್ರಿಯಲ್‌ನಲ್ಲಿರೋ ವೈಕ್ಯಾರೋಸ್ ಅನ್ನೋ ತಂಡ ಕಂಪನಿಗಳನ್ನೂ ಜೊತೆಗೆ ಸೇರಿಸ್ಕೊಂಡು, ಜೀನ್ ತೆಗೆದ ಕೋಶಗಳ ಮೇಲೆ ಒಂದೊಂದೇ ಆ್ಯಂಟಿಬಾಡಿ ಪರೀಕ್ಷೆ ಮಾಡ್ತಾ ಬರ್ತಿದೆ. 2023ರಲ್ಲಿ 65 ಪ್ರೋಟೀನ್‌ಗಳಿಗೆ ಮಾರಾಟದಲ್ಲಿದ್ದ 614 ಆ್ಯಂಟಿಬಾಡಿಗಳ ಫಲಿತಾಂಶ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಆ್ಯಂಟಿಬಾಡಿಗಳು ಒಂದಲ್ಲ ಒಂದು ಪರೀಕ್ಷೆಯಲ್ಲಿ ಸೋತವು. ಒಳ್ಳೇ ಸುದ್ದಿ ಅಂದ್ರೆ, ಹೆಚ್ಚಿನ ಪ್ರೋಟೀನ್‌ಗಳಿಗೆ ಕನಿಷ್ಠ ಒಂದು ಒಳ್ಳೇ ಆ್ಯಂಟಿಬಾಡಿ ಮಾರುಕಟ್ಟೆಯಲ್ಲೇ ಇತ್ತು, ಯಾವುದು ಅಂತ ಗೊತ್ತಿರಲಿಲ್ಲ ಅಷ್ಟೇ. ಫಲಿತಾಂಶ ನೋಡಿ ಕೆಲವು ಕಂಪನಿಗಳು ತಮ್ಮ ಬಾಟಲಿಗಳನ್ನ ಮಾರಾಟದಿಂದ ತೆಗೆದವು, ಕೆಲವು ಲೇಬಲ್ ತಿದ್ದಿದವು. ಪ್ರಾಣಿಯ ರಕ್ತದ ಬದಲು ಜೀನ್ ಸಾಲನ್ನೇ ಬರೆದಿಟ್ಟುಕೊಂಡು ತಯಾರಿಸೋ ರೀಕಾಂಬಿನೆಂಟ್ ಆ್ಯಂಟಿಬಾಡಿಗಳು ಉಳಿದವಕ್ಕಿಂತ ಚೆನ್ನಾಗಿ ಕೆಲಸ ಮಾಡಿದವು.

ನಮ್ಮ ಕೇಳುಗರಲ್ಲಿ ಎಂ.ಎಸ್ಸಿ., ಪಿಎಚ್‌ಡಿ ಮಾಡೋರು ಇದ್ದೀರ ಅಂತ ಮೆಸೇಜ್‌ಗಳಿಂದ ಗೊತ್ತು. ನಿಮ್ಮ ಸೀನಿಯರ್ ಫ್ರಿಜ್‌ನಲ್ಲಿ ಬಿಟ್ಟುಹೋದ ಟ್ಯೂಬ್ ಎತ್ತಿಕೊಳ್ಳೋ ಮೊದಲು ಅದರ ಕ್ಯಾಟಲಾಗ್ ನಂಬರ್ ಹಾಕಿ ಒಂದು ಸಲ ಹುಡುಕಿ ನೋಡಿ. ವೈಕ್ಯಾರೋಸ್ ವರದಿಗಳು ಯಾರು ಬೇಕಾದ್ರೂ ಓದೋ ಹಾಗೆ ಪುಕ್ಕಟೆ ಸಿಗುತ್ತವೆ. ಗೆಳತಿ ಇದನ್ನ ಹೇಳಲೇಬೇಕು ಅಂತ ಪ್ರಾಮಿಸ್ ಮಾಡಿಸ್ಕೊಂಡಿದ್ದಾಳೆ.

ಈಗ ದೊಡ್ಡಪ್ಪ. ಇಷ್ಟೆಲ್ಲ ಅವರಿಗೆ ಫೋನಲ್ಲಿ ಹೇಳೋಕಾಗಲ್ಲ, ಭಾನುವಾರ ಊರಿಗೆ ಹೋಗಿ ಕೂತು ಹೇಳಿದೆ. ಫಾರ್ವರ್ಡ್ ಇರೋದು ಕ್ಯಾನ್ಸರ್ ರೋಗಿಗಳ ವಿಷಯ, ನಿಮಗೆ ಕೊಡ್ತಿರೋದು ನಿಮ್ಮ ಕಿಡ್ನಿ ಮಾಡಬೇಕಾದ ಕೆಲಸಕ್ಕೆ ಬದಲಿಯಾಗಿ ಅಂದೆ. ಕಿಡ್ನಿ ರೋಗಿಗಳಿಗೆ ಇರೋ ಎಚ್ಚರಿಕೆ ಬೇರೆ: ಹಿಮೋಗ್ಲೋಬಿನ್ನನ್ನ 11ಕ್ಕಿಂತ ಮೇಲೆ ಏರಿಸೋಕೆ ಹೋದ್ರೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತೆ. ಅದಕ್ಕೇ ಆಗಾಗ ರಕ್ತಪರೀಕ್ಷೆ ಮಾಡಿ ಡೋಸ್ ಹೆಚ್ಚು ಕಮ್ಮಿ ಮಾಡೋದು. ಈ ಇಂಜೆಕ್ಷನ್ ಮನೆಯಲ್ಲಿ ಯಾರಾದ್ರೂ ತಗೊಳ್ತಿದ್ರೆ, ಕ್ಯಾನ್ಸರ್ ಈಗಿದ್ರೂ, ಹಿಂದೆ ಯಾವಾಗಲೋ ಬಂದು ಹೋಗಿದ್ರೂ, ಅದನ್ನ ಡಾಕ್ಟರಿಗೆ ತಪ್ಪದೇ ಹೇಳಿ. ತಾವೇ ನಿಲ್ಲಿಸಬೇಡಿ.

ದೊಡ್ಡಪ್ಪ ರಿಪೋರ್ಟ್‌ಗಳ ಫೈಲ್ ತಂದು ಕನ್ನಡಕ ಹಾಕ್ಕೊಂಡು ನೋಡಿದ್ರು. 10.2 ಇತ್ತು. ಆಮೇಲೆ ಮೊಬೈಲ್ ತೆಗೆದು ಆ ಫೋಟೋ ಮತ್ತೆ ತೋರಿಸಿ, "ಹಂಗಾದ್ರೆ ಇಲ್ಲಿ ಕಾಣ್ತಿರೋ ಈ ಕಂದು ಯಾವುದಪ್ಪ?" ಅಂತ ಕೇಳಿದ್ರು.

ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಯಾವ ಆ್ಯಂಟಿಬಾಡಿ ಹಾಕಿ ತೆಗೆದಿದ್ದು ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ.